ಬ್ರಹ್ಮದಂಡಿ ಯಾವುದು, ದತ್ತೂರಿ ಯಾವುದು? ಒಂದು ಹೆಸರು ಕೈ ಬದಲಾದ ಕಥೆ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಸುದ್ದಿ ಕಳಿಸುತ್ತಿದ್ದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು. ನಮ್ಮ ಸುತ್ತಲಿನ ಔಷಧಿ ಗಿಡದ ಬಗ್ಗೆ ನೂರೈವತ್ತು ಪದ, ಒಂದು ಫೋಟೊ ಬೇಕು ಎಂದರು. ಬ್ರಹ್ಮದಂಡಿ ಎಂಬ ಹೆಸರು ಚಿಕ್ಕಂದಿನಿಂದ ಕೇಳಿದ್ದೆ. ಊರ ಹೊರಗೆ ರಸ್ತೆ ಬದಿ ಬೈಕ್ ನಿಲ್ಲಿಸಿದೆ. ಮುಳ್ಳೆಲೆ, ಹಳದಿ ಹೂವು, ನೋಡಲು ಚೆಂದ. ಮೊಬೈಲಿನಲ್ಲಿ ಫೋಟೊ ತೆಗೆದು ಬರಹದ ಜೊತೆ ಕಳಿಸಿದೆ. ಅಚ್ಚಾಯಿತು. ಮರುದಿನ ಬೆಳಗ್ಗೆ ಏಳಕ್ಕೇ ಫೋನ್ ಬಂತು.

"ತಮ್ಮಾ, ಪೇಪರಿನ್ಯಾಗ ನೀ ಹಾಕಿದ್ದು ಬ್ರಹ್ಮದಂಡಿ ಅಲ್ಲೋ. ಅದು ದತ್ತೂರಿ. ಯಾರರ ಕಿತ್ತು ಅರದು ಕುಡದ್ರ ಏನ್ ಮಾಡ್ತಿ?"

ಪಕ್ಕದ ಊರಿನ ಒಬ್ಬ ಅಜ್ಜ. ಆಯುಷ್ಯವೆಲ್ಲ ಎರಿ ಹೊಲದಲ್ಲಿ ಕಳೆದವರು. ನಾನು ಸ್ವಲ್ಪ ತಡವರಿಸಿ, "ಅಜ್ಜಾರ, ಎರಡೂ ಒಂದ ಅಂತಾರಲ್ರಿ?" ಎಂದೆ.

"ಅನ್ನೋರು ಅಂತಾರ. ಕುಸುಬಿ ನೋಡೀಯಿಲ್ಲೊ? ಬ್ರಹ್ಮದಂಡಿ ಕುಸುಬಿ ಕುಲದ್ದು. ದತ್ತೂರಿ ಪರದೇಶಿ."

ಮೂರು ದಿನದ ನಂತರ ಎರಡು ಸಾಲಿನ ತಿದ್ದುಪಡಿ ಬಂತು, ಫೋಟೊ ಇಲ್ಲದೆ. ಯಾರು ಓದಿದರೋ ಗೊತ್ತಿಲ್ಲ. ಆದರೆ ಅಜ್ಜ ಹೇಳಿದ ಆ ಮಾತು ನನ್ನನ್ನು ಬಿಡಲಿಲ್ಲ. ಅದನ್ನು ಹಿಡಿದು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಜ್ಜ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮೊದಲು ಕುಸುಬೆಯಿಂದ ಶುರು ಮಾಡೋಣ. ನಮ್ಮ ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯವರಿಗೆ ಕುಸುಬಿಯನ್ನು ಪರಿಚಯ ಮಾಡಿಕೊಡಬೇಕಿಲ್ಲ. ಎಳೆಯದಿದ್ದಾಗ ಸೊಪ್ಪು ರೊಟ್ಟಿ ಜೊತೆ ತಿನ್ನುತ್ತೇವೆ, ಬೀಜದಿಂದ ಎಣ್ಣೆ, ಬೀಜ ರುಬ್ಬಿ ಹಾಲು ತೆಗೆದು ಹುಗ್ಗಿ. ಹಿಂಗಾರಿಯಲ್ಲಿ ಜೋಳ, ಕಡಲೆ ಹೊಲದ ಅಂಚಿಗೆ ಕುಸುಬೆ ಸಾಲು ಬಿತ್ತಿದರೆ ದನ ಒಳಗೆ ನುಗ್ಗುವುದಿಲ್ಲ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಕುಸುಬೆ ತಳಿಯೇ ಇದೆ. ಕೊಯ್ಲಿನ ದಿನ ಕೈಗೆ ಬಟ್ಟೆ ಸುತ್ತಿಕೊಂಡು, ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗಲೇ ಹೊಲಕ್ಕೆ ಹೋಗುತ್ತಿದ್ದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು.

ಇಂಗ್ಲಿಷಿನವರು 'ಥಿಸಲ್' ಎನ್ನುತ್ತಾರಲ್ಲ, ಆ ಗಿಡಗಳ ಬಳಗಕ್ಕೆ ಸೇರಿದ್ದೇ ನಮ್ಮ ಕುಸುಬೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ದೊಡ್ಡ ಮನೆತನವೊಂದಿದೆ. ಅದರೊಳಗೆ ಮುಳ್ಳಿಗೆ ಹೆಸರಾದ ಒಂದು ಕವಲು ಥಿಸಲ್‌ಗಳದ್ದು. ಯುರೋಪಿನಲ್ಲಿ ಇದಕ್ಕೆ ಭಾರಿ ಗೌರವ. ಸ್ಕಾಟ್ಲೆಂಡ್ ದೇಶದ ಲಾಂಛನವೇ ಒಂದು ಥಿಸಲ್ ಹೂವು. ನಮ್ಮಲ್ಲಿ ಈ ಬಳಗಕ್ಕೆಲ್ಲ ಸೇರಿ ಒಂದು ಹೆಸರಿಲ್ಲ. ಮುಳ್ಳಿನ ಗಿಡ ಎಂದರೆ ಮುಗಿಯಿತು. ಗೊಂದಲ ಹುಟ್ಟುವುದೂ ಅಲ್ಲೇ. ನೆಲಗುಳ್ಳಕ್ಕೂ ಮುಳ್ಳು, ನೆಗ್ಗಿಲಿಗೂ ಮುಳ್ಳು, ಮುಳ್ಳುಗೋರಂಟೆಗೂ ಮುಳ್ಳು. ಇವು ಮೂರೂ ಬೇರೆ ಬೇರೆ ಮನೆತನದವು. ಯಾವುದೂ ಕುಸುಬೆಯ ನೆಂಟನಲ್ಲ.

ಹಾಗಾದರೆ ಕುಸುಬೆ ಕುಲವನ್ನು ಗುರುತಿಸುವುದು ಹೇಗೆ? ಮುಳ್ಳು ನೋಡಬೇಡಿ, ಹೂವು ನೋಡಿ. ಕುಸುಬೆಯ ಒಂದು ಹೂವು ಎಂದು ನಾವು ಕರೆಯುವುದು ನಿಜಕ್ಕೂ ಒಂದು ಹೂವಲ್ಲ. ಬಿಡಿಸಿ ನೋಡಿದರೆ ಹತ್ತಾರು ಸಣ್ಣ ಕೊಳವೆಯಂಥ ಹೂಗಳು ಒಟ್ಟಿಗೆ ನಿಂತಿರುತ್ತವೆ. ಪ್ರತಿ ಕೊಳವೆಯ ತುದಿ ಐದು ಸೀಳು. ಎಲ್ಲವನ್ನೂ ಕೆಳಗಿನಿಂದ ಒಂದು ಬಟ್ಟಲು ಹಿಡಿದಿರುತ್ತದೆ, ಆ ಬಟ್ಟಲಿನ ಎಸಳುಗಳೇ ಮುಳ್ಳು. ಸೂರ್ಯಕಾಂತಿಯಲ್ಲಿ ಅಂಚಿನ ಸುತ್ತ ಅಗಲ ಪಕಳೆಗಳಿರುತ್ತವೆ. ಕುಸುಬೆ ಕುಲದಲ್ಲಿ ಅವೂ ಇಲ್ಲ, ಬರೀ ಕುಚ್ಚು. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

ಈಗ ಬ್ರಹ್ಮದಂಡಿ. ಪುಸ್ತಕದ ಹೆಸರು ಎಕಿನಾಪ್ಸ್ ಎಕಿನೇಟಸ್. ಮಳೆಗಾಲ ಕಳೆದ ಮೇಲೆ, ಚಳಿಗಾಲದಲ್ಲಿ ಬೀಳು ಭೂಮಿ, ಕಲ್ಲು ನೆಲ, ಹೊಲದ ಬದು, ಹಳೆಯ ದಾರಿಗಳ ಅಂಚಿನಲ್ಲಿ ಕಾಣುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ ಎತ್ತರ. ಟೊಂಗೆ ಅಡ್ಡಡ್ಡ ಹರಡಿರುತ್ತದೆ. ಕಾಂಡದ ಮೇಲೆ ಹತ್ತಿ ಮೆತ್ತಿದಂತೆ ಬಿಳಿ ನವಿರು. ಎಲೆ ಆಳವಾಗಿ ಸೀಳಿರುತ್ತದೆ, ಪ್ರತಿ ಸೀಳಿನ ತುದಿಗೂ ಮುಳ್ಳು. ಎಲೆಯನ್ನು ಹುಷಾರಾಗಿ ಮಗುಚಿ ನೋಡಿ. ಮೇಲೆ ಹಸಿರು, ಕೆಳಗೆ ಬೆಳ್ಳಗೆ, ಹತ್ತಿಯ ಹಾಗೆ. ಈ ಗುರುತು ಬಹಳ ಮುಖ್ಯ.

ಹೂವು ನೋಡಿದರಂತೂ ಮರೆಯುವ ಹಾಗೇ ಇಲ್ಲ. ಸಣ್ಣ ನಿಂಬೆಕಾಯಿಯಂಥ ದುಂಡು ಚೆಂಡು, ಸುತ್ತಲೂ ಮುಳ್ಳು, ಅದರ ನಡುವೆ ಬಿಳಿಯೋ ತಿಳಿ ನೀಲಿಯೋ ಎಂದು ಹೇಳಲಾಗದ ಬಣ್ಣದ ಪುಟ್ಟ ಹೂಗಳು. ಇಲ್ಲಿ ಒಂದು ಸೋಜಿಗ ಇದೆ. ಕುಸುಬೆಯಲ್ಲಿ ಹತ್ತಾರು ಹೂವಿಗೆ ಒಂದೇ ಬಟ್ಟಲು. ಬ್ರಹ್ಮದಂಡಿಯಲ್ಲಿ ಒಂದೊಂದು ಪುಟ್ಟ ಹೂವಿಗೂ ಸ್ವಂತ ಬಟ್ಟಲು. ಅಂಥ ಒಂಟಿ ಮನೆಗಳೆಲ್ಲ ಸೇರಿ ಚೆಂಡಿನ ಆಕಾರದ ಊರು ಕಟ್ಟಿಕೊಂಡಿವೆ. ಎಕಿನಾಪ್ಸ್ ಎಂಬ ಗ್ರೀಕ್ ಮೂಲದ ಹೆಸರೂ ಹೀಗೇ ಬಂದದ್ದು. ಹೆದರಿದಾಗ ಮುಳ್ಳಿನ ಉಂಡೆಯಾಗುವ ಪುಟ್ಟ ಪ್ರಾಣಿಯಂತೆ ಕಾಣುತ್ತದೆ ಎಂದು. ಸಂಸ್ಕೃತದಲ್ಲಿ ಉಷ್ಟ್ರಕಂಟಕ, ಅಂದರೆ ಒಂಟೆಯ ಮುಳ್ಳು. ಹಿಂದಿಯ ಊಂಟಕಟಾರಾ, ಮರಾಠಿಯ ಉಟಕಟಾರಿ ಅದರದ್ದೇ ಕವಲು. ನಾವು ಕನ್ನಡಿಗರು ಮಾತ್ರ ಒಂಟೆಯನ್ನು ಬಿಟ್ಟು ಬ್ರಹ್ಮನ ದಂಡ ಹಿಡಿದೆವು. ಬ್ರಹ್ಮದಂಡೆ, ನಮ್ಮ ಕಡೆ ಬಾಯಲ್ಲಿ ಬ್ರಹ್ಮದಂಡಿ.

ಇದಕ್ಕೆ ಲ್ಯಾಟಿನ್ ಹೆಸರು ಕೊಟ್ಟವನು ವಿಲಿಯಂ ರಾಕ್ಸ್‌ಬರ್ಗ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಆಂಧ್ರದ ಸಾಮರ್ಲಕೋಟೆಯಲ್ಲಿ ತೋಟ ಮಾಡಿಕೊಂಡಿದ್ದು, 1793ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮುಖ್ಯಸ್ಥನಾದ. ಭಾರತೀಯ ಚಿತ್ರಗಾರರಿಂದ ಎರಡು ಸಾವಿರಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆಸಿದ. 1815ರಲ್ಲಿ ತೀರಿಕೊಂಡ. ಅವನ 'ಫ್ಲೋರಾ ಇಂಡಿಕಾ' ಅವನಿದ್ದಾಗ ಅಚ್ಚಾಗಲೇ ಇಲ್ಲ. ಶ್ರೀರಾಮಪುರದ ವಿಲಿಯಂ ಕೇರಿ 1832ರಲ್ಲಿ ಹೊರತಂದ ಆವೃತ್ತಿಯಲ್ಲಿ ನಮ್ಮ ಬ್ರಹ್ಮದಂಡಿಗೆ ಆ ಹೆಸರು ಅಚ್ಚಾಯಿತು. ರಾಕ್ಸ್‌ಬರ್ಗ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಥಿಸಲ್ ಲಾಂಛನದ ದೇಶದವನಿಗೆ ಇಲ್ಲಿನ ಥಿಸಲ್ ಕಂಡಾಗ ಊರು ನೆನಪಾಗಿರಬೇಕು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೇ.

ಇನ್ನು ನಾನು ಫೋಟೊ ತೆಗೆದ ಗಿಡ. ದತ್ತೂರಿ, ಅರಿಶಿನ ದತ್ತೂರಿ, ಅರಿಶಿನ ಉಮ್ಮತ್ತ. ಲಿನ್ನೇಯಸ್ 1753ರಲ್ಲಿ ಇದಕ್ಕೆ ಆರ್ಗೆಮೋನೆ ಮೆಕ್ಸಿಕಾನ ಎಂದು ಹೆಸರಿಟ್ಟ. ಹೆಸರಲ್ಲೇ ಊರಿದೆ, ಮೆಕ್ಸಿಕೊ. ಮೆಣಸಿನಕಾಯಿ, ತಂಬಾಕು, ಪೇರಲ ಹಣ್ಣು, ಪಾಪಾಸುಕಳ್ಳಿ ಬಂದ ಅಮೆರಿಕದ ಕಡೆಯಿಂದಲೇ, ಐರೋಪ್ಯರ ಹಡಗಿನ ಕಾಲದಲ್ಲಿ ಇದೂ ಬಂತು. ಮೆಣಸಿನಕಾಯಿಯನ್ನು ನಾವು ಕರೆದು ಮನೆಯಲ್ಲಿಟ್ಟುಕೊಂಡೆವು. ಇದು ಕರೆಯದೇ ಬಂದದ್ದು.

ದತ್ತೂರಿ ಕುಸುಬೆ ಕುಲದ್ದಲ್ಲ. ಗಸಗಸೆ, ಅಫೀಮಿನ ಮನೆತನ. ಹೂವು ನೋಡಿದರೆ ತಿಳಿಯುತ್ತದೆ. ಕುಚ್ಚಿಲ್ಲ, ಚೆಂಡಿಲ್ಲ. ಅಗಲವಾದ, ಕಾಗದದಷ್ಟು ತೆಳುವಾದ ಹಳದಿ ಪಕಳೆಗಳು, ಸಾಮಾನ್ಯವಾಗಿ ಆರು. ಒಂದು ಹೂವು ಎಂದರೆ ಒಂದೇ ಹೂವು. ಎಲೆಗೆ ಕಾಂಡದ ಕಡೆಗೆ ತೊಟ್ಟಿಲ್ಲ, ಕಾಂಡವನ್ನು ತಬ್ಬಿಕೊಂಡಿರುತ್ತದೆ. ಎಲೆಯ ಮೇಲೆ ನರಗಳ ಉದ್ದಕ್ಕೂ ಸುಣ್ಣದ ಗೆರೆ ಎಳೆದಂತೆ ಬಿಳಿ ಪಟ್ಟೆ. ಎಲೆಯ ಕೆಳಗೆ ಹತ್ತಿ ಇರುವುದಿಲ್ಲ. ಕಾಯಿ ಮುಳ್ಳುಮುಳ್ಳು, ಒಣಗಿದಾಗ ತುದಿಯಲ್ಲಿ ಬಾಯಿ ಬಿಟ್ಟು ಕಪ್ಪು ಬೀಜ ಉದುರಿಸುತ್ತದೆ.

ಇವೆಲ್ಲ ಮರೆತರೂ ಒಂದು ಪರೀಕ್ಷೆ ಸಾಕು. ಎಲೆಯನ್ನೋ ಟೊಂಗೆಯನ್ನೋ ಮುರಿಯಿರಿ. ಅರಿಶಿನ ಕಲಸಿದಂಥ ಹಳದಿ ಹಾಲು ಒಸರಿದರೆ ಅದು ದತ್ತೂರಿ. ಬ್ರಹ್ಮದಂಡಿ ಮುರಿದರೆ ಹಳದಿ ಹಾಲು ಬರುವುದಿಲ್ಲ. ಮುರಿದ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ, ತೊಳೆದುಕೊಳ್ಳಿ.

ಹೀಗೆ ಎದುರಿಗಿಟ್ಟರೆ ಇಷ್ಟು ಬೇರೆಯಾಗಿರುವ ಎರಡು ಗಿಡಗಳಿಗೆ ಒಂದೇ ಹೆಸರು ಹೇಗೆ ಬಂತು?

ಮೋಸ ಹೋದವರು ನಾವಷ್ಟೇ ಅಲ್ಲ. ಮೆಕ್ಸಿಕೊಗೆ ಹೋದ ಸ್ಪೇನಿನವರು ಅಲ್ಲಿ ಈ ಗಿಡಕ್ಕೆ ಇಟ್ಟ ಹೆಸರು 'ಕಾರ್ಡೊ ಸಾಂತೊ'. ಕಾರ್ಡೊ ಎಂದರೆ ಅವರ ಭಾಷೆಯಲ್ಲಿ ಥಿಸಲ್. 'ಪವಿತ್ರ ಥಿಸಲ್' ಎಂದರ್ಥ. ತಮ್ಮ ಊರಿನ ಮುಳ್ಳೆಲೆ ಗಿಡದ ನೆನಪಿನಲ್ಲಿ ಪರವೂರಿನ ಗಿಡಕ್ಕೆ ಹೆಸರಿಟ್ಟರು. ಅಲ್ಲಿನ ಮೂಲ ಜನರ ಭಾಷೆಯಲ್ಲಿ ಅದಕ್ಕೆ ಬೇರೆಯದೇ ಹೆಸರಿತ್ತು, ಚಿಕಾಲೊಟ್ಲ್. ಅದೇ ಗಿಡ ಭಾರತಕ್ಕೆ ಬಂದಾಗ ಇಲ್ಲಿಯೂ ಹೆಸರಿಲ್ಲದೆ ಬಂತು. ಹೊಸದಾಗಿ ಊರಿಗೆ ಬಂದವನನ್ನು ಯಾರಂತೆ ಕಾಣುತ್ತಾನೋ ಅವನ ಹೆಸರಿನಿಂದ ಕರೆಯುತ್ತೇವಲ್ಲ, ಹಾಗೆಯೇ ಆಯಿತು. ಕಾಯಿ ಮುಳ್ಳಾಗಿದ್ದರಿಂದ ದತ್ತೂರದ ಹೆಸರು ಅಂಟಿತು. ಹಿಂದಿಯಲ್ಲಿ ಫಿರಂಗಿ ಧತೂರಾ, ಮರಾಠಿಯಲ್ಲಿ ಪಿವಳಾ ಧೋತ್ರಾ. ಎಲೆ ಮುಳ್ಳಾಗಿದ್ದರಿಂದ ಬ್ರಹ್ಮದಂಡಿಯ ಹೆಸರು ಅಂಟಿತು. ತೆಲುಗಿನಲ್ಲಿ ಬ್ರಹ್ಮದಂಡಿ ಎಂದರೆ, ತಮಿಳಿನಲ್ಲಿ ಬ್ರಹ್ಮದಂಡು ಎಂದರೆ ಇವತ್ತು ಈ ಹಳದಿ ಹೂವಿನ ಗಿಡವೇ. ಹಾಗಾಗಿ ಬಳ್ಳಾರಿ, ರಾಯಚೂರು, ಕೋಲಾರ, ಚಾಮರಾಜನಗರದ ಗಡಿಯಲ್ಲಿ ಒಂದೇ ಹೆಸರು ಹೇಳಿ ಇಬ್ಬರು ಬೇರೆ ಬೇರೆ ಗಿಡ ತೋರಿಸಿದರೆ ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಉತ್ತರದವರು ಇದಕ್ಕೆ ಇಟ್ಟ ಇನ್ನೊಂದು ಹೆಸರು ಸತ್ಯಾನಾಶಿ. ಅದರಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ.

ಇನ್ನೂ ಒಂದು ಹೆಸರು ಕೈ ಬದಲಾಗಿದೆ. ಚರಕ, ಸುಶ್ರುತರ ಹಳೆಯ ಗ್ರಂಥಗಳಲ್ಲಿ ಸ್ವರ್ಣಕ್ಷೀರಿ ಎಂಬ ಗಿಡ ಬರುತ್ತದೆ. ಸ್ವರ್ಣ ಎಂದರೆ ಚಿನ್ನ, ಕ್ಷೀರ ಎಂದರೆ ಹಾಲು. ಈಗ ಎಷ್ಟೋ ಕಡೆ ದತ್ತೂರಿಯನ್ನೇ ಸ್ವರ್ಣಕ್ಷೀರಿ ಎಂದು ಕೊಡುತ್ತಾರೆ, ಹಳದಿ ಹಾಲು ಇದೆಯಲ್ಲ ಎಂದು. ಆದರೆ ಲೆಕ್ಕ ಹಾಕಿ ನೋಡಿ. ಕೊಲಂಬಸ್ ಅಮೆರಿಕದ ದಡ ಮುಟ್ಟಿದ್ದು 1492ರಲ್ಲಿ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೂ ಸಾವಿರ ವರ್ಷಕ್ಕಿಂತ ಹಿಂದಿನ ಗ್ರಂಥದಲ್ಲಿ ಅಮೆರಿಕದ ಗಿಡ ಇರಲು ಸಾಧ್ಯವೇ? ಹಳೆಯವರು ಬರೆದ ಸ್ವರ್ಣಕ್ಷೀರಿ ಬೇರೆ ಯಾವುದೋ ಗಿಡ. ಅದು ಯಾವುದು ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ.

ಗೊಂದಲ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮಹಾರಾಷ್ಟ್ರದ ಕಡೆ ಬ್ರಹ್ಮದಂಡಿ ಎಂದರೆ ಮೂರನೆಯದೇ ಒಂದು ಗಿಡ, ಟ್ರೈಕೊಲೆಪಿಸ್ ಗ್ಲಾಬೆರಿಮಾ. ಇದು ಭಾರತದ್ದೇ, ಬೇರೆಲ್ಲೂ ಇಲ್ಲದ್ದು. ಕುಸುಬೆ ಕುಲಕ್ಕೂ ಸೇರಿದ್ದು. ಆದರೆ ಇದರ ಎಲೆಯಲ್ಲಿ ಮುಳ್ಳೇ ಇಲ್ಲ, ನುಣುಪು. ಗ್ಲಾಬೆರಿಮಾ ಎಂದರೆ ನವಿರೇ ಇಲ್ಲದ್ದು ಎಂದೇ ಅರ್ಥ. ನೇರಳೆ ಬಣ್ಣದ ಸಣ್ಣ ಕುಚ್ಚು, ಅದರ ಕೆಳಗೆ ಕೂದಲೆಳೆಯಂಥ ಎಸಳುಗಳ ಬಟ್ಟಲು. ಆಯುರ್ವೇದದ ಪುಸ್ತಕಗಳಲ್ಲಿ ಬ್ರಹ್ಮದಂಡಿ ಎಂದು ಬರೆದಾಗ ಬಹಳ ಸಲ ಇದನ್ನೇ ಹೇಳುತ್ತಿರುತ್ತಾರೆ. ಅಂದರೆ ಮುಳ್ಳೆಲ್ಲ ಥಿಸಲ್ ಅಲ್ಲ, ಥಿಸಲ್‌ಗೆಲ್ಲ ಮುಳ್ಳಿಲ್ಲ. ಹಾಗೆಯೇ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಬರುವ, ಘಮ ಘಮ ವಾಸನೆಯ, ಗುಲಾಬಿ-ನೇರಳೆ ಗುಂಡು ಹೂವಿನ ಮುಂಡಿ ಗಿಡವನ್ನು ಇಂಗ್ಲಿಷ್ ಪುಸ್ತಕಗಳು ಚೆಂಡು ಥಿಸಲ್ ಎನ್ನುತ್ತವೆ. ಅದೂ ಈ ಕುಲದ್ದಲ್ಲ. ದೂರದ ನೆಂಟ ಅಷ್ಟೇ. ಮೊಬೈಲಿನಲ್ಲಿ ಬರೀ ಹೆಸರು ಹಾಕಿ ಹುಡುಕಿದರೆ ಇವೆಲ್ಲ ಕಲಸಿ ಬರುತ್ತವೆ. ಆದ್ದರಿಂದಲೇ ಎಲೆ ಮಗುಚಿ, ಟೊಂಗೆ ಮುರಿದು ನೋಡಿ ಎಂದು ಹೇಳುತ್ತಿರುವುದು.

ಗಿಡ ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ? ನನ್ನ ಮಟ್ಟಿಗೆ ಎರಡು ಸಾಲಿನ ತಿದ್ದುಪಡಿಯಲ್ಲಿ ಮುಗಿಯಿತು. ಬಂಗಾಳದಲ್ಲಿ ಹಾಗೆ ಮುಗಿಯಲಿಲ್ಲ.

1877ರಲ್ಲಿ ಕಲ್ಕತ್ತದಲ್ಲಿ ಒಂದು ವಿಚಿತ್ರ ಕಾಯಿಲೆ ವರದಿಯಾಯಿತು. ಎರಡೂ ಕಾಲು ಬಾತುಕೊಳ್ಳುವುದು, ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದು, ಚರ್ಮ ಕೆಂಪಾಗುವುದು, ಭೇದಿ, ಏದುಸಿರು. ಕೆಲವರಿಗೆ ಹೃದಯವೇ ಸೋತು ಸಾವು. ಒಂದೇ ಮನೆಯಲ್ಲಿ ಊಟ ಮಾಡಿದವರೆಲ್ಲ ಒಟ್ಟಿಗೆ ಮಲಗುತ್ತಿದ್ದರು. ಮರುವರ್ಷ ಸಮುದ್ರದಾಚೆ ಮಾರಿಷಸ್‌ನಲ್ಲಿ, ಭಾರತದಿಂದ ಹೋದ ಕೂಲಿಕಾರರಲ್ಲಿ ಇದೇ ಕಾಯಿಲೆ ಕಾಣಿಸಿತು. ವೈದ್ಯರು ಮೊದಲು ಬೆರಿಬೆರಿ ಎಂದುಕೊಂಡರು. ಆಮೇಲೆ ಸೋಂಕು ಎಂದರು. ಬಂಗಾಳದವರು ಅನ್ನ ತಿನ್ನುವವರು, ಹಾಗಾಗಿ ಅಕ್ಕಿಯ ಮೇಲೆ ಅನುಮಾನ ಬಂತು. ಬೆಚ್ಚಗೆ ದಾಸ್ತಾನಿಟ್ಟ ಕುಸುಬಲಕ್ಕಿಯಲ್ಲಿ ವಿಷ ಹುಟ್ಟುತ್ತದೆ ಎಂದು 1920ರ ದಶಕದಲ್ಲಿ ದೊಡ್ಡ ದೊಡ್ಡ ವೈದ್ಯರೇ ಬರೆದರು.

ಅಕ್ಕಿಯಲ್ಲ, ಎಣ್ಣೆ ನೋಡಿ ಎಂದು 1926ರಲ್ಲಿ ಎಸ್.ಎಲ್. ಸರ್ಕಾರ್ ಎಂಬ ವೈದ್ಯರು ಬರೆದರು. ಸಾಸಿವೆ ಎಣ್ಣೆಯಲ್ಲಿ ಮುಳ್ಳುಗಿಡವೊಂದರ ಬೀಜದ ಎಣ್ಣೆ ಸೇರಿದೆ ಎಂಬುದು ಅವರ ಮಾತು. ಆ ಮುಳ್ಳುಗಿಡ ನಮ್ಮ ದತ್ತೂರಿಯೇ, ಬಂಗಾಳಿಯಲ್ಲಿ ಶಿಯಾಲ್‌ಕಾಂಟಾ, ನರಿಮುಳ್ಳು. ಅದು ಸಾಸಿವೆ ಹೊಲದಲ್ಲೇ ಬೆಳೆಯುತ್ತದೆ, ಸಾಸಿವೆ ಮಾಗುವ ಹೊತ್ತಿಗೇ ಮಾಗುತ್ತದೆ, ಬೀಜವೂ ಸಾಸಿವೆಯಷ್ಟೇ. ರಾಶಿಯಲ್ಲಿ ಬೆರೆತರೆ ಗಾಣದವನಿಗೂ ತಿಳಿಯದು. ತಿಳಿದೂ ಬೆರೆಸುವವರು ಬೇರೆ ಇದ್ದರು, ಪುಕ್ಕಟೆ ಸಿಗುವ ಬೀಜ ನೋಡಿ. 1937ರಲ್ಲಿ ಲಾಲ್ ಮತ್ತು ರಾಯ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆಯಿಂದ ತೋರಿಸಿದರು. 1939ರಲ್ಲಿ ಆರ್.ಎನ್. ಚೋಪ್ರಾ ಅವರ ತಂಡ ಸ್ವಯಂಸೇವಕರಿಗೆ ಆ ಎಣ್ಣೆ ಬೆರೆತ ಆಹಾರ ಕೊಟ್ಟು, ಅದೇ ಕಾಯಿಲೆಯ ಲಕ್ಷಣ ಬರುವುದನ್ನು ದಾಖಲಿಸಿತು. ಇವತ್ತಿನ ದಿನ ಅಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು. ಹಿಂದೆ ಅಕ್ಕಿಯೇ ಕಾರಣ ಎಂದು ಬರೆದವರಲ್ಲಿ ಇದೇ ಚೋಪ್ರಾ ಕೂಡ ಒಬ್ಬರು. ತಾವು ಬರೆದದ್ದನ್ನು ತಾವೇ ಅಳಿಸಿ ತಿದ್ದಿದರು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ ಮನುಷ್ಯ ಅವರೇ.

1948ರಲ್ಲಿ ದತ್ತೂರಿ ಎಣ್ಣೆಯೊಳಗಿನ ವಿಷವನ್ನು ಬೇರ್ಪಡಿಸಿ ಅದು ಸ್ಯಾಂಗ್ವಿನರಿನ್ ಎಂದು ಗುರುತಿಸಿದರು. ಅಂದರೆ ಮೊದಲ ವರದಿಯಿಂದ ಎಣಿಸಿದರೆ ಒಂದು ಕಳೆ ಗಿಡದ ಗುಟ್ಟು ಬಯಲಾಗಲು ಎಪ್ಪತ್ತು ವರ್ಷ ಹಿಡಿಯಿತು. ಈ ವಿಷ ಕಣ್ಣಿನ ಒತ್ತಡವನ್ನೂ ಏರಿಸಿ ದೃಷ್ಟಿಗೆ ಕುತ್ತು ತರುತ್ತದೆ. ಆರ್ಗೆಮೋನೆ ಎಂಬ ಹೆಸರು ಬಂದಿರುವುದು ಕಣ್ಣಿನ ಪೊರೆಗೆ ಹೇಳುವ ಗ್ರೀಕ್ ಪದದಿಂದ. ಗ್ರೀಕರು ಆ ಹೆಸರಿನ ಬೇರೊಂದು ಗಿಡವನ್ನು ಕಣ್ಣಿಗೆ ಮದ್ದು ಎಂದು ಬಳಸುತ್ತಿದ್ದರು. ಆ ಹೆಸರನ್ನೂ ಈ ಗಿಡ ಸಾಲ ಪಡೆದದ್ದೇ! ಇದರ ಬಳಿ ಸ್ವಂತದ್ದು ಎಂಬ ಹೆಸರೇ ಇದ್ದಂತಿಲ್ಲ.

ಇದೆಲ್ಲ ಬ್ರಿಟಿಷರ ಕಾಲದ ಮಾತು ಎಂದುಕೊಂಡಿದ್ದೆ. ಅಲ್ಲ. 1998ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಸುಮಾರು 3000 ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷವೇ ಕೇಂದ್ರ ಸರ್ಕಾರ ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂದು ಆದೇಶ ತಂದಿತು. ಡಬ್ಬಿಯ ಮೇಲೆ ಕಾಣುವ ಆ ಸೀಲಿನ ಹಿಂದೆ ಈ ಮುಳ್ಳುಗಿಡವೂ ಇದೆ.

ನಾವು ಕುಸುಬಿ, ಶೇಂಗಾ ಎಣ್ಣೆಯವರು. ಸಾಸಿವೆ ಎಣ್ಣೆ ನಮ್ಮ ಅಡುಗೆಮನೆಯದಲ್ಲ. ಆದರೂ ಒಗ್ಗರಣೆಗೆ ಸಾಸಿವೆ ಬೇಕೇ ಬೇಕು, ಸಂತೆಯಲ್ಲಿ ಬಿಡಿಯಾಗಿ ತರುತ್ತೇವೆ. ಬೀಜದ ವ್ಯತ್ಯಾಸ ತಿಳಿದಿರಲಿ. ಸಾಸಿವೆ ದುಂಡಗೆ, ನುಣ್ಣಗೆ, ಹೊರಳಿಸಿದರೆ ಬೆರಳಿನಡಿ ಜಾರುತ್ತದೆ. ದತ್ತೂರಿ ಬೀಜ ಕಡು ಕಪ್ಪು, ಪೂರ್ತಿ ದುಂಡಲ್ಲ, ಒಂದು ಕಡೆ ಸಣ್ಣ ಮೂತಿ. ಮೇಲ್ಮೈ ಮೇಲೆ ಬಲೆ ಹೆಣೆದಂತೆ ಗುಳಿ ಗುಳಿ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ನೋಡಿ, ಚೆನ್ನಾಗಿ ಕಾಣುತ್ತದೆ.

ಕುಸುಬೆಯ ಬಗ್ಗೆ ಒಂದು ಮಾತು ಉಳಿಯಿತು. ಕುಸುಬೆಯೂ ಲೆಕ್ಕಕ್ಕೆ ಹಿಡಿದರೆ ಇಲ್ಲಿಯದಲ್ಲ. ಅದನ್ನು ಮೊದಲು ಬೆಳೆಸಿದ್ದು ಪಶ್ಚಿಮ ಏಷ್ಯಾದ ರೈತರು, ನಾಲ್ಕು ಸಾವಿರ ವರ್ಷದ ಹಿಂದೆ. ಈಜಿಪ್ಟಿನ ಹಳೆಯ ಸಮಾಧಿಗಳಲ್ಲಿ ಕುಸುಬೆಯ ಹೂವು, ಅದರ ಬಣ್ಣದ ಬಟ್ಟೆ ಸಿಕ್ಕಿವೆ. ನಮ್ಮಲ್ಲಿಯೂ ಎಣ್ಣೆಗಿಂತ ಬಣ್ಣಕ್ಕೆ ಅದರ ಹೆಸರು ದೊಡ್ಡದಿತ್ತು. ರಾಸಾಯನಿಕ ಬಣ್ಣ ಬಂದ ಮೇಲೆ ಅದು ಮುಗಿಯಿತು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಕುಸುಬೆ ಬಂದಾಗ ಯಾರ ಹೆಸರನ್ನೂ ಕಿತ್ತುಕೊಳ್ಳಲಿಲ್ಲ. ಕುಸುಂಭ ಎಂದು ತನ್ನ ಹೆಸರಿನಲ್ಲೇ ಬದುಕಿತು.

ಕಳೆದ ಚಳಿಗಾಲ ಸಂತೆಯಲ್ಲಿ ಗಿಡಮೂಲಿಕೆ ಮಾರುವವನೊಬ್ಬನ ಮುಂದೆ ಕೂತೆ. ಗೋಣಿ ಚೀಲದ ಮೇಲೆ ಹತ್ತಿಪ್ಪತ್ತು ಗುಂಪು ಒಣ ಬೇರು, ತೊಗಟೆ.

"ಬ್ರಹ್ಮದಂಡಿ ಐತೇನಣ್ಣ?"

ಒಂದು ಬೇರಿನ ಕಟ್ಟು ಎತ್ತಿ ಕೊಟ್ಟ.

"ಇದು ಚೆಂಡ್ ಹೂವಿಂದೋ, ಹಳದಿ ಹೂವಿಂದೋ?"

ನನ್ನನ್ನು ಮೇಲೆ ಕೆಳಗೆ ನೋಡಿದ. "ಬೇರಿಗೆ ಹೂವು ಎಲ್ಲಿರತೈತ್ರಿ ಸರ? ಮಂದಿ ತಂದು ಕೊಡತಾರ, ನಾ ಮಾರತೀನಿ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನೂ ಫೋಟೊ ಹಾಗೆಯೇ ಮಾರಿದವನು. ಒಣಗಿದ ಬೇರಿನಲ್ಲಿ ಹಾಲಿಲ್ಲ, ಎಲೆಯ ಹತ್ತಿಯಿಲ್ಲ, ಚೆಂಡಿಲ್ಲ. ಗುರುತು ಸಿಗುವುದು ಗಿಡ ಹಸಿಯಾಗಿ ನೆಲದಲ್ಲಿ ನಿಂತಿರುವಾಗ ಮಾತ್ರ. ಹಾಗಾಗಿ ಹೆಸರು ಕೇಳಿ ಯಾವ ಬೇರನ್ನೂ ಕೊಂಡು ಅರೆದು ಕುಡಿಯಬೇಡಿ. ಕಾಲು ಬಾತು, ಉಸಿರು ಕಟ್ಟಿದಂತಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ಡಾಕ್ಟರಿಗೆ ಹೇಳಿ.

ಸಂತೆಯಿಂದ ಬರುವಾಗ ಅಜ್ಜನ ಊರಿನ ದಾರಿ ಹಿಡಿದೆ. ಅವರ ಹೊಲದ ಬದುವಿನಲ್ಲಿ ಮೂರು ಬ್ರಹ್ಮದಂಡಿ ನಿಂತಿದ್ದವು. ಕಳೆನಾಶಕ ಹೊಡೆಯುವ ಹುಡುಗರಿಗೆ ಅಷ್ಟು ಜಾಗ ಬಿಟ್ಟು ಹೊಡೆಯಿರಿ ಎಂದು ಹೇಳಿಟ್ಟಿದ್ದಾರಂತೆ. ಯಾಕೆ ಎಂದು ಕೇಳಿದೆ.

"ಮತ್ತ ನಿನ್ನಂಥಾವ ಬಂದ್ರ ತೋರ್ಸಾಕ ಬೇಕಲ್ಲೋ," ಎಂದರು. ಆ ಮೂರರ ಫೋಟೊ ತೆಗೆದುಕೊಂಡು ಬಂದೆ. ಎಲೆ ಮಗುಚಿ ಹಿಡಿದಿರುವ ಕೈ ಅಜ್ಜನದು.